ಸಾವಿರ ಎಚ್‌ಪಿ ಇದ್ದರೂ ಟೈರ್ ಒಪ್ಪಬೇಕಲ್ಲ

ಡಾಡ್ಜ್ ಚಾಲೆಂಜರ್ ಡೆಮನ್ 170 ಮತ್ತು ಟೆಸ್ಲಾ ಮಾಡೆಲ್ ಎಸ್ ಪ್ಲೇಡ್. ಡೆಟ್ರಾಯಿಟ್ ಸುತ್ತಮುತ್ತ ಕಾರಿನ ಕೆಲಸ ಮಾಡುವ ನಮ್ಮಂಥವರು ಊಟಕ್ಕೆ ಕೂತರೆ ಈ ಜೋಡಿಯ ಮಾತು ಬಂದೇ ಬರುತ್ತದೆ. ಮೊದಲನೆಯದು 6.2 ಲೀಟರಿನ ಸೂಪರ್‌ಚಾರ್ಜ್ಡ್ ವಿ8, ಅಂದರೆ ಗಾಳಿಯನ್ನು ಒತ್ತಿ ತುಂಬಿಸುವ ಎಂಟು ಸಿಲಿಂಡರಿನ ಇಂಜಿನ್. ಎಥೆನಾಲ್ ಜಾಸ್ತಿ ಇರುವ ಇ85 ಹಾಕಿದರೆ 1,025 ಎಚ್‌ಪಿ. ಎರಡನೆಯದು ಎಲೆಕ್ಟ್ರಿಕ್, ಮೂರು ಮೋಟರ್, 1,020 ಎಚ್‌ಪಿ. ನಿಂತಲ್ಲಿಂದ ಗಂಟೆಗೆ 60 ಮೈಲಿ ಮುಟ್ಟಲು ಡಾಡ್ಜ್ ಹೇಳಿದ್ದು 1.66 ಸೆಕೆಂಡ್, ಟೆಸ್ಲಾ ಹೇಳಿದ್ದು 1.99. ಹಾಗಾದರೆ ವಿ8 ಗೆದ್ದಂತೆ, ಅಲ್ವಾ?

ಆ 1.66 ಎಲ್ಲಿ ಬಂತು ನೋಡಿ. ಅಂಟು ಹಾಕಿ ಸಿದ್ಧ ಮಾಡಿದ ಡ್ರ್ಯಾಗ್ ಸ್ಟ್ರಿಪ್ (ನೇರ ಓಟದ ಟ್ರ್ಯಾಕ್) ಮೇಲೆ, ಡ್ರ್ಯಾಗ್ ರೇಸಿಗೆಂದೇ ಮಾಡಿದ ಮೆತ್ತನೆಯ ಟೈರಿನಲ್ಲಿ. ಗಡಿಯಾರ ಶುರುವಾಗುವುದೂ ಕಾರು ಒಂದು ಅಡಿ ಮುಂದೆ ಸರಿದ ಮೇಲೆ. ಟೆಸ್ಲಾ ಕೂಡ ಆ ಒಂದು ಅಡಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ ಬಿಡಿ. ಆದರೆ ಎರಡನ್ನೂ ಮಾಮೂಲಿ ರಸ್ತೆಗೆ ತಂದರೆ ಆಟವೇ ಬದಲಾಗುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಣ ಡಾಂಬರಿನ ಮೇಲೆ ಟೈರ್ ತನ್ನ ಮೇಲೆ ಬಿದ್ದ ಭಾರದಷ್ಟೇ ಬಲವನ್ನು ನೆಲಕ್ಕೆ ಕೊಡುತ್ತದೆ ಅನ್ನಿ. ನಾಲ್ಕೂ ಚಕ್ರ ತಳ್ಳಿದರೆ ಗಂಟೆಗೆ 100 ಕಿ.ಮೀ. ಮುಟ್ಟಲು ಸುಮಾರು 2.8 ಸೆಕೆಂಡ್ ಬೇಕು. ಹಿಂದಿನ ಎರಡೇ ಚಕ್ರ ತಳ್ಳುವ ಕಾರಿನಲ್ಲಿ, ಹೊರಡುವಾಗ ಭಾರ ಹಿಂದಕ್ಕೆ ವಾಲಿದರೂ, ಆ ಎರಡು ಟೈರಿಗೆ ಸಿಗುವುದು ತೂಕದ ಶೇ. 60ರಷ್ಟು ಎಂದಿಟ್ಟುಕೊಳ್ಳಿ. ಆಗ 4.7 ಸೆಕೆಂಡ್. ಈ ಲೆಕ್ಕದಲ್ಲಿ ಇಂಜಿನ್ ಎಷ್ಟು ಎಚ್‌ಪಿ ಎಂದು ನಾನು ಕೇಳಲೇ ಇಲ್ಲ. ಒಳ್ಳೆಯ ಟೈರ್ ಹಾಕಿದರೆ ಎರಡೂ ಸಮಯ ಇಳಿಯುತ್ತವೆ, ಆದರೂ ಒಂದೇ ಥರದ ಟೈರಿನಲ್ಲಿ ನಾಲ್ಕು ಚಕ್ರ ತಳ್ಳುವ ಕಾರೇ ಮುಂದೆ. ಪ್ಲೇಡ್ ತಳ್ಳುವುದು ನಾಲ್ಕೂ ಚಕ್ರದಿಂದ, ಡೆಮನ್ ತಳ್ಳುವುದು ಹಿಂದಿನ ಎರಡೇ ಚಕ್ರದಿಂದ. ಮಿಕ್ಕ ಶಕ್ತಿಯೆಲ್ಲ ಹೊಗೆ.

ಇನ್ನೊಂದು ವ್ಯತ್ಯಾಸ ನನ್ನ ದಿನನಿತ್ಯದ ಕೆಲಸಕ್ಕೆ ಸೇರಿದ್ದು. ಮೊದಲು ಇಂಜಿನ್ ಕ್ಯಾಲಿಬ್ರೇಷನ್ ಮಾಡುತ್ತಿದ್ದೆ, ಈಗ ಮೋಟರ್ ಕಂಟ್ರೋಲ್. ವಿ8ರಲ್ಲಿ ಹಿಂದಿನ ಚಕ್ರ ಜಾರಿತು ಅಂದರೆ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಇಳಿಸಬೇಕು. ಸ್ವಲ್ಪ ಸಾಕಾದರೆ ಸ್ಪಾರ್ಕ್ ತಡ ಮಾಡುತ್ತೇವೆ. ಜಾಸ್ತಿ ಬೇಕಾದರೆ ಥ್ರಾಟಲ್ ಮುಚ್ಚಬೇಕು. ಆಮೇಲೆ ಮತ್ತೆ ಏರಿಸಬೇಕೆಂದರೆ ಇನ್‌ಟೇಕಿನಲ್ಲಿ ಗಾಳಿ ತುಂಬುವ ತನಕ ಕಾಯಬೇಕು. ಅಷ್ಟರಲ್ಲಿ ಕಾರು ಎಷ್ಟೋ ಮುಂದೆ ಹೋಗಿರುತ್ತದೆ. ಮೋಟರಿಗೆ ಈ ಗಾಳಿಯ ಗೋಳಿಲ್ಲ. ಕರೆಂಟ್ ಬದಲಾದರೆ ಟಾರ್ಕ್ ಬದಲಾಯಿತು. ಬ್ಯಾಟರಿಯಿಂದ ಮೋಟರಿಗೆ ಕರೆಂಟ್ ಕೊಡುವ ಇನ್ವರ್ಟರ್ ಆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ತಿದ್ದುತ್ತದೆ. ಚಕ್ರ ಜಾರಿದ್ದು ಡ್ರೈವರಿಗೆ ಗೊತ್ತಾಗುವುದೇ ಇಲ್ಲ.

ಮಸಲ್ ಕಾರಿನ ಮಜಾ ಇದ್ದದ್ದೇ ಆ ಜಾರುವಿಕೆಯಲ್ಲಿ, ಅದನ್ನು ಬಲಗಾಲಿನಲ್ಲಿ ಹಿಡಿದಿಡುವುದರಲ್ಲಿ. 1964ರ ಪಾಂಟಿಯಾಕ್ ಜಿಟಿಒ ತಗೊಳ್ಳಿ. ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ದೊಡ್ಡ ವಿ8 ತುರುಕಿದರು, 325 ಎಚ್‌ಪಿ ಅಂದರು. ಅದು ಏರ್ ಫಿಲ್ಟರ್, ಸೈಲೆನ್ಸರ್ ಎಲ್ಲ ಬಿಚ್ಚಿಟ್ಟು ಇಂಜಿನ್ ಒಂದನ್ನೇ ಅಳೆದ ಲೆಕ್ಕ. ಕಾರಿನಲ್ಲಿ ಕೂರಿಸಿದ ಸ್ಥಿತಿಯಲ್ಲೇ ಅಳೆದು ಹೇಳುವುದು ಅಮೆರಿಕದಲ್ಲಿ ಸಾಮಾನ್ಯವಾಗಿದ್ದು 1972ರ ಹೊತ್ತಿಗೆ. ಹಾಗಾಗಿ ಆ ಕಾಲದ ಅಂಕಿಯನ್ನು ಇವತ್ತಿನದಕ್ಕೆ ಹೋಲಿಸಬೇಡಿ. ಮನೆಮಂದಿ ಓಡಾಡುವ ಟೆಸ್ಲಾ ಮಾಡೆಲ್ 3 ಕೂಡ ಆ ಜಿಟಿಒವನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಹಾಗಂತ ಆಗಸ್ಟಿನಲ್ಲಿ ಹಳೆಯ ಕಾರುಗಳ ಮೆರವಣಿಗೆ ನೋಡಲು ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಜನ ಕಾಯುವುದು ಮಾಡೆಲ್ 3ಕ್ಕಲ್ಲ.

ಅವರು ಕಾಯುವುದು ಸದ್ದಿಗೆ. ಅಮೆರಿಕದ ಮಾಮೂಲಿ ವಿ8ರಲ್ಲಿ ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ದಂಡ) ತಿರುಗುವ ಪ್ರತಿ 90 ಡಿಗ್ರಿಗೆ ಒಂದು ಸಿಲಿಂಡರ್ ಹೊಡೆಯುತ್ತದೆ. ಒಟ್ಟಾರೆ ಸಮ. ಆದರೆ ಎಡಗಡೆಯ ನಾಲ್ಕನ್ನು ಮಾತ್ರ ಕೇಳಿದರೆ ಹೊಡೆತಗಳ ನಡುವಿನ ಅಂತರ 270, 180, 90, 180 ಡಿಗ್ರಿ. ಬಲಗಡೆಯೂ ಹೀಗೇ ಏರುಪೇರು. ಐಡ್ಲಿಂಗ್‌ನಲ್ಲಿ ಕೇಳುವ ಆ ಗುಡುಗುಡು ಬರುವುದು ಇದರಿಂದ. ಅನುಭವಸ್ಥರಿಗೆ ಆ ಸದ್ದೇ ಮೀಟರ್. ಇಂಜಿನ್ ಎಷ್ಟು ತಿರುಗುತ್ತಿದೆ, ಎಷ್ಟು ಭಾರ ಎಳೆಯುತ್ತಿದೆ, ಚಕ್ರ ಯಾವಾಗ ಬಿಟ್ಟಿತು, ಎಲ್ಲ ಕಿವಿಗೇ ಗೊತ್ತಾಗುತ್ತದೆ.

ಡಾಡ್ಜ್ ಎಲೆಕ್ಟ್ರಿಕ್ ಚಾರ್ಜರ್ ಡೇಟೋನಾ ಮಾಡಿದಾಗ ಸ್ಪೀಕರ್ ಮತ್ತು ಚೇಂಬರ್ ಜೋಡಿಸಿ 126 ಡೆಸಿಬಲ್ ಸದ್ದು ಬರಿಸುತ್ತೇವೆ ಎಂದಿತು. ನನಗೇನೋ ಗಲಾಟೆ ಅನ್ನಿಸಿತು. ಹ್ಯುಂಡೈ ಐಯಾನಿಕ್ 5 ಎನ್ ಇದಕ್ಕಿಂತ ಜಾಣತನ ತೋರಿಸಿದೆ. ಸುಳ್ಳು ಗೇರ್, ಸುಳ್ಳು ಆರ್‌ಪಿಎಂ ಮಿತಿ ಇಟ್ಟು, ಗೇರ್ ಬದಲಾದಾಗ ನಿಜವಾಗಿಯೂ ಟಾರ್ಕ್ ತಗ್ಗಿಸುತ್ತದೆ. ಸದ್ದಿಗೂ ಕಾರಿನ ನಡೆಗೂ ನಂಟಿದೆ. ನಾಟಕವೇ ಇರಬಹುದು, ಆದರೆ ಡ್ರೈವರಿಗೆ ಒಂದು ಕೆಲಸ ವಾಪಸ್ ಸಿಕ್ಕಿತು. ಆಮೇಲೆ ಡಾಡ್ಜ್ ಅದೇ ಚಾರ್ಜರಿಗೆ 550 ಎಚ್‌ಪಿಯ ಆರು ಸಿಲಿಂಡರ್ ಇಂಜಿನ್ ಹಾಕಿ ಮಾರುಕಟ್ಟೆಗೆ ಬಿಟ್ಟಿತು. ನನಗೆ ಆಶ್ಚರ್ಯವಾಗಲಿಲ್ಲ.

ತೂಕದ ವಿಷಯದಲ್ಲಿ ಎಲೆಕ್ಟ್ರಿಕ್ ಪರ ವಾದ ಮಾಡುವುದು ಕಷ್ಟ. ಡೇಟೋನಾ ಸ್ಕ್ಯಾಟ್ ಪ್ಯಾಕ್ ಸುಮಾರು 2,650 ಕೆ.ಜಿ., ಹಳೆಯ ವಿ8 ಚಾಲೆಂಜರ್ ಹೆಲ್‌ಕ್ಯಾಟ್ ಸುಮಾರು 2,000. ನೇರ ರಸ್ತೆಯಲ್ಲಿ ಮೋಟರ್ ಇದನ್ನು ಮರೆಸುತ್ತದೆ. ತಿರುವಿನಲ್ಲಿ, ಬ್ರೇಕ್ ಹಾಕುವಾಗ ಮರೆಸಲಾರದು.

ಇನ್ನು ಬಿಸಿ. ಮೋಟರಿನ ಟಾರ್ಕ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಬಿಸಿ ಸುಮಾರು ನಾಲ್ಕು ಪಟ್ಟು. ಮೇಲಿಂದ ಮೇಲೆ ಜೋರಾಗಿ ಓಡಿಸಿದರೆ ಮೋಟರೋ ಬ್ಯಾಟರಿಯೋ ಕಾದು, ಸಾಫ್ಟ್‌ವೇರ್ ತಾನೇ ಶಕ್ತಿ ತಗ್ಗಿಸುತ್ತದೆ. ಸೂಪರ್‌ಚಾರ್ಜ್ಡ್ ವಿ8ಗೂ ಈ ಕಾಟ ತಪ್ಪಿದ್ದಲ್ಲ. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ. 2018ರ ಮೊದಲ ಡೆಮನ್‌ನಲ್ಲಿ ಆ ಗಾಳಿ ತಂಪು ಮಾಡಲು ಕಾರಿನ ಎಸಿಯನ್ನೇ ಬಳಸಿಕೊಂಡಿದ್ದರು.

ಆದ್ದರಿಂದ ಟೆಸ್ಟ್ ಡ್ರೈವ್‌ಗೆ ಹೋಗುವ ಸ್ನೇಹಿತರಿಗೆ ನಾನು ಹೇಳುವುದು ಇಷ್ಟು: ಎಲೆಕ್ಟ್ರಿಕ್ ಆದರೆ ಬ್ಯಾಟರಿ ಶೇ. 30ಕ್ಕೆ ಇಳಿದಿರುವ ಕಾರು ಕೇಳಿ. ಚಾರ್ಜ್ ಇಳಿದರೆ ವೋಲ್ಟೇಜ್ ಇಳಿಯುತ್ತದೆ, ವೇಗ ಜಾಸ್ತಿ ಇರುವಾಗಿನ ಎಳೆತ ಎಷ್ಟು ತಗ್ಗಿದೆ ಎಂದು ಆಗ ಗೊತ್ತಾಗುತ್ತದೆ. ವಿ8 ಆದರೆ ಬಿಸಿಲಿನ ದಿನ, ಊರೊಳಗೆ ಅರ್ಧ ಗಂಟೆ ಸುತ್ತಿಸಿ, ಆಮೇಲೆ ಒತ್ತಿ ನೋಡಿ. ಮೊದಲ ಓಟದಲ್ಲಿ ಎರಡೂ ಚೆನ್ನಾಗಿಯೇ ಓಡುತ್ತವೆ. ನೀವು ನೋಡಬೇಕಾದದ್ದು ನಾಲ್ಕನೆಯ ಓಟ.