ಮಾಯವಾದ ಸಂದು ಮತ್ತೆ ಮೂಡುವುದೇಕೆ?

ಮಾದರಿ ವಿಮಾನದ ಒಡಲಿನ ಎರಡು ಹೋಳುಗಳನ್ನು ಅಂಟಿಸಿ, ಉಜ್ಜಿ, ಪ್ರೈಮರ್ ಹೊಡೆದು, ಬಣ್ಣವನ್ನೂ ಮುಗಿಸಿಯಾಗಿರುತ್ತದೆ. ಹತ್ತು ದಿನ ಕಳೆಯುವಷ್ಟರಲ್ಲಿ ಬೆನ್ನಿನ ಉದ್ದಕ್ಕೂ ಕೂದಲೆಳೆಯಂಥ ಗೆರೆಯೊಂದು ಎದ್ದು ಕಾಣುತ್ತದೆ. ಹವ್ಯಾಸಿಗಳ ಮಾತಿನಲ್ಲಿ ಇದು ‘ಘೋಸ್ಟ್ ಸೀಮ್’. ಬೈಗುಳವೆಲ್ಲ ಪುಟ್ಟಿಗೋ ಬಣ್ಣಕ್ಕೋ ಹೋಗುತ್ತದೆ. ತಪ್ಪು ನಡೆದದ್ದು ಮಾತ್ರ ಅಂಟು ಪೂರ್ತಿ ಆರುವ ಮುನ್ನ, ಆತುರಪಟ್ಟು ಉಜ್ಜಿದಾಗ.

ಕಿಟ್‌ನ ಭಾಗಗಳು ಪಾಲಿಸ್ಟೈರೀನ್‌ನವು. ಅದಕ್ಕೆ ಬಳಸುವ ತೆಳು ಸಿಮೆಂಟ್ ಫೆವಿಕಾಲ್‌ನಂತೆ ಎರಡು ಮೈಗಳ ನಡುವೆ ಪದರವಾಗಿ ಕೂರುವ ಅಂಟಲ್ಲ. ಬ್ಯುಟೈಲ್ ಅಸಿಟೇಟ್, ಅಸಿಟೋನ್‌ಗಳಂಥ ದ್ರಾವಕ. ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ, ಮೆತ್ತಗಾದ ಎರಡು ಅಂಚುಗಳು ಬೆರೆತು ಒಂದಾಗುತ್ತವೆ. ಬೆಸುಗೆ ಎಂದರೆ ಹೆಚ್ಚು ಸರಿ. ಮೇಲ್ಮೈ ಕೆಲವೇ ನಿಮಿಷಗಳಲ್ಲಿ ಒಣಗಿದಂತೆ ತೋರಿದರೂ ಒಳಗೆ ಸೇರಿಕೊಂಡ ದ್ರಾವಕ ನಿಧಾನವಾಗಿ ಹೊರಬರುತ್ತದೆ. ಅಲ್ಲಿಯವರೆಗೂ ಆ ಜಾಗ ಸ್ವಲ್ಪ ಉಬ್ಬಿರುತ್ತದೆ. ಉಬ್ಬಿದ್ದಾಗಲೇ ಸಮ ಮಾಡಿಬಿಟ್ಟರೆ, ದ್ರಾವಕವೆಲ್ಲ ಆರಿದ ಮೇಲೆ ಪ್ಲಾಸ್ಟಿಕ್ ಕುಗ್ಗಿ ಅಲ್ಲೊಂದು ಸಣ್ಣ ತಗ್ಗು ಉಳಿಯುತ್ತದೆ. ಬಣ್ಣ ಆ ತಗ್ಗನ್ನು ಮುಚ್ಚುವುದಿಲ್ಲ, ತೋರಿಸಿಕೊಡುತ್ತದೆ.

ಆದ್ದರಿಂದ ತೆಳು ಸಿಮೆಂಟಾದರೆ ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಕಾಯಬೇಕು. ಟ್ಯೂಬಿನಲ್ಲಿ ಬರುವ ಗಟ್ಟಿ ಸಿಮೆಂಟಾದರೆ ಎರಡು ಮೂರು ದಿನ. ಉದ್ದನೆಯ ಸಂದಿಗೆ ಟ್ಯೂಬ್ ಸಿಮೆಂಟ್ ಬಳಸದಿರುವುದೇ ಲೇಸು; ಹೆಚ್ಚು ಸುರಿದರೆ ತೆಳ್ಳಗಿನ ಭಾಗಗಳು ಸೊಟ್ಟಗಾಗುವುದೂ ಉಂಟು.

ಜೋಡಣೆಗೆ ಮೊದಲು ಭಾಗಗಳನ್ನು ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಅಚ್ಚಿನಿಂದ ಅಂಟಿಬಂದ ಜಿಡ್ಡು ತೆಗೆಯಿರಿ. ಭಾಗಗಳನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಚೌಕಟ್ಟಿನಿಂದ (ಸ್ಪ್ರೂ) ಬಿಡಿಸುವಾಗ ಭಾಗಕ್ಕೆ ತಾಗಿಸಿ ಕತ್ತರಿಸಬೇಡಿ. ಒಂದೆರಡು ಮಿಲಿಮೀಟರ್ ಮೋಟು ಬಿಟ್ಟು ಕತ್ತರಿಸಿ, ಉಳಿದದ್ದನ್ನು ಹರಿತವಾದ ಬ್ಲೇಡಿನಿಂದ ಸವರಿ. ಹೀಗೆ ಮಾಡದಿದ್ದರೆ ಅಂಚು ಕಿತ್ತುಬಂದು ಗುಂಡಿ ಬೀಳುತ್ತದೆ. ಅಂಟಿಲ್ಲದೆ, ಬರೀ ಮಾಸ್ಕಿಂಗ್ ಟೇಪಿನಿಂದ ಜೋಡಿಸಿ ನೋಡಿ. ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ತೂರಿದರೆ ಸಾಮಾನ್ಯವಾಗಿ ಒಳಗಿನ ಕಾಕ್‌ಪಿಟ್ಟೋ, ಜೋಡಿಸುವ ಗೂಟವೋ ಅಡ್ಡಬಂದಿರುತ್ತದೆ. ಗೂಟ ತೊಂದರೆ ಕೊಟ್ಟರೆ ಕತ್ತರಿಸಿ ಎಸೆಯಲು ಹಿಂಜರಿಯಬೇಡಿ. ಅದು ಸಹಾಯಕ್ಕೆ ಇಟ್ಟದ್ದು, ಬಲಕ್ಕಲ್ಲ.

ಈಗ ಸಿಮೆಂಟ್. ಟೇಪು ಹಾಕಿದ ಸಂದಿಗೆ ಬ್ರಷ್ಷಿನ ತುದಿ ಮುಟ್ಟಿಸಿದರೆ ಸಾಕು, ದ್ರವ ತಾನಾಗಿ ಸಂದಿನೊಳಗೆ ಓಡುತ್ತದೆ. ಒಂದೇ ಸಲ ಇಡೀ ಒಡಲಿಗೆ ಹಚ್ಚದೆ ಮೂರು ನಾಲ್ಕು ಸೆಂಟಿಮೀಟರಿನಂತೆ ಮುಂದುವರಿಯಿರಿ. ಟೇಪಿನ ಅಡಿಗೆ ಮಾತ್ರ ದ್ರವ ಹೋಗಬಾರದು. ಹೋದರೆ ಟೇಪಿನ ಅಚ್ಚು ಪ್ಲಾಸ್ಟಿಕ್ಕಿನ ಮೇಲೆ ಉಳಿಯುತ್ತದೆ. ಬೆರಳಿನ ಗುರುತಿಗೂ ಇದೇ ಮಾತು. ಅರ್ಧ ನಿಮಿಷ ಬಿಟ್ಟು ಎರಡೂ ಬದಿಯಿಂದ ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ನೂಲಿನಂತೆ ಮೇಲಕ್ಕೆ ಉಕ್ಕುತ್ತದೆ. ಈ ನೂಲೇ ಅತ್ಯುತ್ತಮ ಪುಟ್ಟಿ, ಏಕೆಂದರೆ ಅದು ಒಡಲಿನದೇ ಪ್ಲಾಸ್ಟಿಕ್. ನೂಲು ಎದ್ದ ಕಡೆ ಬೇರೆ ಪುಟ್ಟಿ ಬೇಕಾಗುವುದು ಅಪರೂಪ.

ಕಾಯುವ ತಾಳ್ಮೆ ಇಲ್ಲದವರಿಗೆ ಸೂಪರ್ ಗ್ಲೂ ಇದೆ. ಅದರಲ್ಲಿ ದ್ರಾವಕ ಆರುವ ಪ್ರಶ್ನೆಯಿಲ್ಲ, ಹಾಗಾಗಿ ಸಂದು ಕುಗ್ಗುವುದಿಲ್ಲ. ಆದರೆ ಅದರ ಲೆಕ್ಕ ಸಿಮೆಂಟಿಗೆ ತದ್ವಿರುದ್ಧ: ಅಲ್ಲಿ ಬೇಗ ಉಜ್ಜಿದರೆ ಕೆಡುತ್ತದೆ, ಇಲ್ಲಿ ತಡಮಾಡಿದರೆ. ಗಟ್ಟಿಯಾದ ಒಂದು ಗಂಟೆಯೊಳಗೆ ಉಜ್ಜಿ ಮುಗಿಸಿ. ರಾತ್ರಿ ಕಳೆದರೆ ಅದು ಪ್ಲಾಸ್ಟಿಕ್ಕಿಗಿಂತ ಗಡುಸಾಗುತ್ತದೆ. ಆಗ ಸ್ಯಾಂಡ್‌ಪೇಪರ್ ಎರಡು ಬದಿಯ ಪ್ಲಾಸ್ಟಿಕ್ಕನ್ನು ತಿಂದು ನಡುವೆ ಏಣನ್ನು ಉಳಿಸುತ್ತದೆ. ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳದ, ಅಂದರೆ ಕ್ಯಾನಪಿಯ, ಹತ್ತಿರವಂತೂ ಸೂಪರ್ ಗ್ಲೂ ತರಲೇಬೇಡಿ. ಅದರ ಆವಿ ಪಾರದರ್ಶಕ ಭಾಗದ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಕ್ಯಾನಪಿಗೆ ಫೆವಿಕಾಲ್ ಬಗೆಯ ಬಿಳಿ ಪಿವಿಎ ಅಂಟು ಸಾಕು.

ಒಡಲು ಮುಚ್ಚುವ ಮುನ್ನ ಮೂಗಿನ ಭಾರ ಮರೆಯಬಾರದು. ಮೆಸರ್‌ಸ್ಮಿಟ್ 262, ಪಿ-38ರಂತೆ ಮೂಗಿನಡಿ ಚಕ್ರವಿರುವ ವಿಮಾನಗಳ ಮಾದರಿ ಭಾರವಿಲ್ಲದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ರೆಕ್ಕೆ, ಬಾಲಗಳನ್ನೆಲ್ಲ ಟೇಪಿನಲ್ಲಿ ಜೋಡಿಸಿ, ಹಿಂದಿನ ಚಕ್ರಗಳು ಬರುವ ಜಾಗವನ್ನು ಪೆನ್ಸಿಲ್ ಮೇಲಿಟ್ಟು, ಮೂಗು ಖಚಿತವಾಗಿ ಬಾಗುವವರೆಗೂ ಭಾರ ಸೇರಿಸಿ. ಮೇಲೆ ಬಣ್ಣವೂ ಬರುವುದರಿಂದ ಒಂದೆರಡು ಗ್ರಾಂ ಹೆಚ್ಚಿಗೇ ಇರಲಿ. ಸೀಸದ ಗುಂಡುಗಳನ್ನು ಪಿವಿಎ ಅಂಟಿನಲ್ಲಿ ಕೂರಿಸುವವರಿದ್ದಾರೆ. ಆದರೆ ಆ ಅಂಟಿನ ಜೊತೆ ಸೀಸ ನಿಧಾನವಾಗಿ ಬಿಳಿ ಪುಡಿಯಾಗಿ ಹಿಗ್ಗಿ, ವರ್ಷಗಳ ನಂತರ ಮಾದರಿಯನ್ನೇ ಒಡೆಯಬಲ್ಲದು. ಉಕ್ಕಿನ ಗುಂಡು ಅಥವಾ ನಟ್ಟು, ಎಪಾಕ್ಸಿ ಅಂಟು, ಅಷ್ಟೇ ಸಾಕು.

ಉಜ್ಜುವುದು 400 ನಂಬರಿನ ಸ್ಯಾಂಡ್‌ಪೇಪರಿನಿಂದ ಆರಂಭಿಸಿ 600, 1000 ಎಂದು ಏರಲಿ, ನೀರು ಹಚ್ಚಿಕೊಂಡೇ. ಒಡಲು ದುಂಡಗಿರುವುದರಿಂದ ಗಟ್ಟಿ ಕಡ್ಡಿಗೆ ಅಂಟಿಸಿದ ಕಾಗದ ಬೇಡ, ಬೆನ್ನು ಚಪ್ಪಟೆಯಾಗುತ್ತದೆ. ಬಾಗುವ ಸ್ಪಾಂಜಿನ ಕಾಗದ ಒಳ್ಳೆಯದು. ಸಂದನ್ನು ದಾಟುವ ಪ್ಯಾನೆಲ್ ಗೆರೆಗಳು (ವಿಮಾನದ ತಗಡುಗಳ ಅಂಚನ್ನು ತೋರಿಸುವ ಗೀರುಗಳು) ಉಜ್ಜುವಾಗ ಅಳಿಸಿಹೋಗುತ್ತವೆ. ಅವನ್ನು ಮೊದಲೇ ಗೆರೆ ಕೊರೆಯುವ ಸೂಜಿಯಿಂದ (ಸ್ಕ್ರೈಬರ್) ಎರಡು ಮೂರು ಸಲ ಹಗುರಾಗಿ ಎಳೆದು ಆಳ ಮಾಡಿಕೊಳ್ಳಿ. ಒಂದೇ ಸಲ ಒತ್ತಿ ಎಳೆದರೆ ಸೂಜಿ ದಾರಿ ತಪ್ಪುವುದು ಖಂಡಿತ. ಇನ್ನೊಂದು ಮಾತು: ಎಲ್ಲ ಸಂದೂ ಅಳಿಸಬೇಕಾದ್ದಲ್ಲ. ಅಸಲಿ ವಿಮಾನದಲ್ಲೂ ಅದೇ ಜಾಗದಲ್ಲಿ ತಗಡಿನ ಜೋಡಣೆ ಇರಬಹುದು. ಫೋಟೋ ನೋಡದೆ ಉಜ್ಜಲು ಕೂರಬೇಡಿ.

ರೆಕ್ಕೆಯ ಬುಡದ ಬಿರುಕಿಗೆ ಎಲ್ಲರೂ ಮೊದಲು ಪುಟ್ಟಿ ಹುಡುಕುತ್ತಾರೆ. ಅದಕ್ಕೂ ಮುಂಚೆ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಟೇಪು ಬಿಗಿದು ನೋಡಿ. ರೆಕ್ಕೆಗಳು ಕೂದಲಷ್ಟು ಮೇಲೆದ್ದು, ಬಿರುಕು ಎಷ್ಟೋ ಸಲ ಅಲ್ಲೇ ಮುಚ್ಚಿಕೊಳ್ಳುತ್ತದೆ. ಆದರೆ ಅಸಲಿ ವಿಮಾನದ ರೆಕ್ಕೆಯ ಕೋನ ಮೀರಬಾರದು. ಆಮೇಲೂ ಉಳಿದರೆ 0.25 ಮಿಮೀ ಪ್ಲಾಸ್ಟಿಕ್ ಹಾಳೆಯ ಪಟ್ಟಿ ತೂರಿಸಿ. ಕೊನೆಗೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಪುಟ್ಟಿ ತುಂಬಿ, ಒಣಗುವ ಮುನ್ನ ಒದ್ದೆ ಹತ್ತಿಕಡ್ಡಿಯಿಂದ ಒರೆಸಿದರೆ ಆ ಇಕ್ಕಟ್ಟಿನಲ್ಲಿ ಉಜ್ಜುವ ಕಷ್ಟವೇ ಇಲ್ಲ.

ಬೂದು ಪ್ರೈಮರಿನ ತೆಳು ಪದರ ಹೊಡೆದು, ದೀಪವನ್ನು ಪಕ್ಕದಿಂದ ಹಿಡಿದು ನೋಡಿ. ಬಿಡಿ ಗೆರೆ ಕಂಡರೆ ಮತ್ತೆ ಉಜ್ಜಿ, ಆ ಜಾಗಕ್ಕಷ್ಟೇ ಪ್ರೈಮರ್. ಬೆಳ್ಳಿ ಬಣ್ಣದ ವಿಮಾನವಾದರೆ ಇದೂ ಸಾಲದು. 2000ದವರೆಗೆ ಉಜ್ಜಿ ಪಾಲಿಶ್ ಮಾಡದಿದ್ದರೆ ಅದು ಒಂದು ಗೀರನ್ನೂ ಬಚ್ಚಿಡುವುದಿಲ್ಲ.

ಕಾಯುವ 48 ಗಂಟೆ ಖಾಲಿ ಕೂರಬೇಕಾಗಿಯೂ ಇಲ್ಲ. ಚಕ್ರಗಳಿಗೆ ಬಣ್ಣ, ಕ್ಯಾನಪಿಗೆ ಮಾಸ್ಕಿಂಗ್, ಪ್ರೊಪೆಲರಿನ ಅಲಗುಗಳ ಅಂಚು ತೆಳುಮಾಡುವುದು, ಇವೆಲ್ಲ ಒಡಲನ್ನು ಮುಟ್ಟದೆ ಮಾಡುವ ಕೆಲಸಗಳೇ.