ಬೂಟು ಕಚ್ಚಿದರೆ ದೊಡ್ಡ ಸೈಜ್ ತಗೋಬೇಡಿ

ದಾವಣಗೆರೆಯವನು ಸ್ಕೀ ಬೂಟಿನ ಬಗ್ಗೆ ಬರೆಯುವುದು ಸ್ವಲ್ಪ ತಮಾಷೆಯೇ. ನಮ್ಮೂರಲ್ಲಿ ಹಿಮ ನೋಡಬೇಕು ಅಂದರೆ ಫ್ರಿಜ್ಜಿನ ಮೇಲಿನ ಖಾನೆ ತೆಗೆಯಬೇಕು. ಆದರೆ ಹೋದ ಜನವರಿಯಲ್ಲಿ ಗೆಳೆಯರ ಜೊತೆ ಗುಲ್ಮಾರ್ಗ್‌ಗೆ ಹೋಗಿದ್ದೆ. ಮೂರು ದಿನದ ಸ್ಕೀಯಿಂಗ್ ಪಾಠಕ್ಕೆ ದುಡ್ಡು ಕಟ್ಟಿ, ಒಂದೂವರೆ ದಿನ ಕಲಿತು, ಉಳಿದ ಒಂದೂವರೆ ದಿನ ಹೋಟೆಲ್ ರೂಮಿನಲ್ಲಿ ಬೆಚ್ಚಗಿನ ನೀರಿನ ಬಕೆಟ್ಟಿಗೆ ಕಾಲು ಇಳಿಬಿಟ್ಟು ಕೂತು ಬಂದೆ. ಬಿದ್ದು ಪೆಟ್ಟಾಗಿದ್ದಕ್ಕಲ್ಲ. ಬಿದ್ದಿದ್ದೂ ಹೌದು, ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಆದರೆ ನನ್ನನ್ನು ಮೂಲೆಗೆ ಕೂರಿಸಿದ್ದು ಬೂಟು.

ಬಾಡಿಗೆ ಅಂಗಡಿಯಲ್ಲಿ ಶೂ ನಂಬರ್ ಕೇಳಿದರು. ಎಂಟು ಅಂದೆ. 27 ಅಂತ ಬರೆದಿದ್ದ ಬೂಟು ಕೊಟ್ಟರು. ಹಾಕಿಕೊಂಡ ತಕ್ಷಣ ಕಿರುಬೆರಳಿನ ಪಕ್ಕದ ಮೂಳೆ ಇಕ್ಕಳಕ್ಕೆ ಸಿಕ್ಕಂತಾಯಿತು. ಇನ್ನೊಂದು ಸೈಜ್ ದೊಡ್ಡದು ಕೊಡಿ ಅಂದೆ, 28 ಬಂತು, ಅಗಲ ಸರಿಹೋಯಿತು. ಮೇಲೆ ಅಮ್ಮ ಒತ್ತಾಯ ಮಾಡಿ ಕಳಿಸಿದ್ದ ಉಣ್ಣೆ ಕಾಲುಚೀಲ, ಅದೂ ಎರಡು ಜೊತೆ. ಅಬ್ಬಾ, ಆರಾಮ ಅನ್ನಿಸಿತು. ಅಂಗಡಿಯೊಳಗೆ ಮಾತ್ರ.

ಇಳಿಜಾರಿಗೆ ಹೋದ ಮೇಲೆ ಕಾಲು ಬೂಟಿನೊಳಗೆ ಹಿಂದೆ ಮುಂದೆ ಜಾರತೊಡಗಿತು. ಜಾರಬಾರದು ಅಂತ ಬಕಲ್‌ಗಳನ್ನು ಕೊನೆಯ ಹಲ್ಲಿನವರೆಗೂ ಎಳೆದು ಬಿಗಿದೆ. ಅರ್ಧ ಗಂಟೆಯಲ್ಲಿ ಪಾದದ ಮೇಲ್ಭಾಗ ಉರಿ, ಬೆರಳುಗಳು ಮರಗಟ್ಟಿದವು. ಪ್ರತಿ ಸಲ ನಿಲ್ಲಿಸಲು ನೋಡಿದಾಗ ಹೆಬ್ಬೆರಳು ಹೋಗಿ ಮುಂದಿನ ಗೋಡೆಗೆ ಗುದ್ದುತ್ತಿತ್ತು, ಆ ಉಗುರು ಕಪ್ಪಾಗಿ ಊರಿಗೆ ಬಂದ ಮೇಲೆ ಕಿತ್ತೇ ಹೋಯಿತು. ದೊಡ್ಡ ಬೂಟು ಹಾಕಿಕೊಂಡೂ ಬಿಗಿಯಾಗಿ ನರಳಿದ್ದು ಹೇಗೆ ಅಂತ ಆಗ ಅರ್ಥ ಆಗಲಿಲ್ಲ.

ಅರ್ಥ ಆಗಿದ್ದು ಮಂಡಿಪೇಟೆ ಕಡೆ ಚಪ್ಪಲಿ ಹೊಲಿಯುವ ಅಜ್ಜನ ಹತ್ತಿರ ಕೂತಾಗ. ಹಳೇ ಚಪ್ಪಲಿಯ ಉಂಗುಷ್ಟ ಕಿತ್ತಿತ್ತು, ಹೊಲಿಸಲು ಹೋಗಿದ್ದೆ. ಉಗುರಿಲ್ಲದ ಹೆಬ್ಬೆರಳು ನೋಡಿ ಏನಾಯಿತು ಅಂದರು, ಹೇಳಿದೆ, ಮೊಬೈಲಲ್ಲಿ ಬೂಟಿನ ಫೋಟೋನೂ ತೋರಿಸಿದೆ. ಅವರು ಫೋಟೋ ಸರಿಯಾಗಿ ನೋಡಲೂ ಇಲ್ಲ. ನನ್ನ ಪಾದವನ್ನೇ ನೋಡಿ, "ನಿನ್ ಕಾಲು ಉದ್ದ ಇಲ್ಲ ತಮ್ಮಾ, ಅಗಲ ಐತಿ. ಅಗಲಕ್ಕೆ ಅಂತ ಉದ್ದ ತಗಂಡ್ರೆ ಕಾಲು ಒಳಗ ಓಡಾಡದೇ ಇನ್ನೇನ್ ಮಾಡ್ತದ" ಅಂದರು. ಮನೆಗೆ ಬಂದು ಗೋಡೆಗೆ ಹಿಮ್ಮಡಿ ಒತ್ತಿ ಹಾಳೆಯ ಮೇಲೆ ನಿಂತು ಅಳೆದೆ. ಸರಿಯಾಗಿ 26 ಸೆಂ.ಮೀ. ನಾನು ಹಾಕಿಕೊಂಡಿದ್ದು ಎರಡು ಸೆಂಟಿಮೀಟರ್ ದೊಡ್ಡ ಬೂಟು.

ಸ್ಕೀ ಬೂಟಿನ ಮೇಲೆ ಇರುವ ಅಂಕಿ ಶೂ ನಂಬರ್ ಅಲ್ಲ. ಅದಕ್ಕೆ ಮಾಂಡೋಪಾಯಿಂಟ್ ಅಂತ ಹೆಸರು, ಸುಮ್ನೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ಎಂಟು, ಒಂಬತ್ತು ಅನ್ನುವ ಲೆಕ್ಕಕ್ಕಿಂತ ಎಷ್ಟೋ ಸರಳ. ಮಾಮೂಲಿ ಶೂನಲ್ಲಿ ಬೆರಳಿನ ಮುಂದೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ, ಅದಕ್ಕೇ ಶೂ ನಂಬರನ್ನು ಹಾಗೇ ಬೂಟಿಗೆ ಹೊಂದಿಸಿದರೆ ಬಹಳ ಜನಕ್ಕೆ ಬೂಟು ದೊಡ್ಡದಾಗುತ್ತದೆ. ಇನ್ನೊಂದು ವಿಚಿತ್ರ: ಸಾಮಾನ್ಯವಾಗಿ 26 ಮತ್ತು 26.5ರ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಒಂದೇ. ಅರ್ಧ ಸೈಜಿಗೆ ಅಂತ ಬೇರೆ ಅಚ್ಚು ಮಾಡುವುದಿಲ್ಲ.

ಸರಿ, ಇಷ್ಟು ಬಿಗಿ ಯಾಕೆ ಬೇಕು? ಬೂಟು ಇಲ್ಲಿ ಕಾಲು ಬೆಚ್ಚಗಿಡುವ ಚೀಲ ಅಲ್ಲ, ಅದು ಸ್ಟೀರಿಂಗ್. ಬೂಟಿನ ತಳಕ್ಕೆ ಸಿಕ್ಕಿಸುವ ಉದ್ದನೆಯ ಸ್ಕೀ ಪಟ್ಟಿಯ ಎರಡೂ ಅಂಚಿಗೆ ಉಕ್ಕಿನ ತಗಡು ಇರುತ್ತದೆ. ಮೊಣಕಾಲನ್ನು ಪಕ್ಕಕ್ಕೆ ವಾಲಿಸಿದರೆ ಮೊಣಕಾಲ ಕೆಳಗಿನ ಕಾಲು ಬೂಟಿನ ಗೋಡೆಯನ್ನು ತಳ್ಳುತ್ತದೆ, ಬೂಟು ಪಟ್ಟಿಯನ್ನು ಓರೆ ಮಾಡುತ್ತದೆ, ಉಕ್ಕಿನ ಅಂಚು ಹಿಮ ಕಚ್ಚುತ್ತದೆ, ತಿರುಗುತ್ತೀರಿ. ಒಳಗೆ ಅರ್ಧ ಸೆಂಟಿಮೀಟರ್ ಸಡಿಲ ಇದ್ದರೂ ಮೊದಲು ಕಾಲು ಆ ಸಡಿಲವನ್ನು ದಾಟಬೇಕು, ಆಮೇಲೆ ಪಟ್ಟಿಗೆ ಸುದ್ದಿ ಮುಟ್ಟುತ್ತದೆ. ಹ್ಯಾಂಡಲ್ ಸಡಿಲ ಇರುವ ಸೈಕಲ್ ತುಳಿದವರಿಗೆ ಇದು ಗೊತ್ತು.

ಆದರೆ ಬಿಗಿಯಲ್ಲೂ ಎರಡು ಥರ ಇದೆ, ನಾನು ತಿಳಿಯದೇ ಹೋದದ್ದು ಇದೇ. ನಮ್ಮ ಕಡೆ ಹೆಂಗಸರು ಕೊಡ ಹೊರುವಾಗ ತಲೆ ಮೇಲೆ ಸಿಂಬೆ ಇಟ್ಟುಕೊಳ್ಳುತ್ತಾರಲ್ವಾ. ಸಿಂಬೆ ಇಟ್ಟರೆ ಕೊಡದ ತೂಕ ಕಮ್ಮಿಯಾಗುವುದಿಲ್ಲ. ಒಂದೇ ಕಡೆ ಒತ್ತುವ ಭಾರ ಹರಡುತ್ತದೆ, ಅಷ್ಟೇ. ಒತ್ತಡ ಅಂದರೆ ಬಲವನ್ನು ಅದು ಬೀಳುವ ಜಾಗದಿಂದ ಭಾಗಿಸಿದ್ದು, ಜಾಗ ಹೆಚ್ಚಿದಷ್ಟೂ ನೋವು ಕಡಿಮೆ. ಚೆನ್ನಾಗಿ ಹೊಂದುವ ಬೂಟು ಇಡೀ ಪಾದವನ್ನು ಒಂದೇ ಸಮ ಹಿಡಿಯುತ್ತದೆ, ಗಟ್ಟಿಯಾಗಿ ಕೈ ಕುಲುಕಿದ ಹಾಗೆ. ಕೆಟ್ಟ ಬೂಟು ಮೂರು ಕಡೆ ಚುಚ್ಚಿ ಉಳಿದ ಕಡೆ ಖಾಲಿ ಬಿಡುತ್ತದೆ. ಖಾಲಿ ಇದೆ ಅಂತ ನಾವು ಬಕಲ್ ಎಳೆದಷ್ಟೂ ಆ ಮೂರು ಕಡೆಯೇ ಇನ್ನೂ ಜಾಸ್ತಿ ಚುಚ್ಚುತ್ತದೆ.

ಮರಗಟ್ಟುವುದಕ್ಕೂ ಚಳಿಯೊಂದೇ ಕಾರಣ ಅಲ್ಲ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನಿಂದ ಮೇಲಕ್ಕೆ ಬರುವ ನರದಂಥ ಗಟ್ಟಿ ಎಳೆಯ ಪಕ್ಕ, ಎರಡು ಬೆರಳಿಟ್ಟು ಮೆಲ್ಲಗೆ ಹುಡುಕಿ. ನಾಡಿ ಬಡಿತ ಸಿಗುತ್ತದೆ. ಬೆರಳುಗಳ ಕಡೆಗೆ ರಕ್ತ ಒಯ್ಯುವ ಈ ಧಮನಿ ಚರ್ಮಕ್ಕೆ ಅಷ್ಟು ಹತ್ತಿರ ಇದೆ, ಸಂವೇದನೆಯ ನರಗಳೂ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತವೆ. ನಾನು ಎಳೆದು ಬಿಗಿದ ಬಕಲ್ ಸರಿಯಾಗಿ ಅದರ ಮೇಲೇ ಕೂತಿತ್ತು. ಬೆಚ್ಚಗಿನ ರಕ್ತ ಬರುವ ದಾರಿಯನ್ನೇ ಅದುಮಿ ಎರಡು ಕಾಲುಚೀಲ ಹಾಕಿದರೆ ಏನು ಬಂತು? ಜೊತೆಗೆ ಎರಡು ಚೀಲ ಅಂದರೆ ಎರಡು ಪಟ್ಟು ಮಡಿಕೆ, ಬೆವರು. ಒಂದೇ ಒಂದು ತೆಳ್ಳನೆಯ ಉದ್ದ ಕಾಲುಚೀಲ ಸಾಕು ಅನ್ನುತ್ತಾರೆ ಬಲ್ಲವರು. ಅಮ್ಮನಿಗೆ ಇದನ್ನು ಒಪ್ಪಿಸುವುದು ಬೇರೆ ಕೆಲಸ.

ಒಂದು ಕಾಲಕ್ಕೆ ಈ ಬೂಟುಗಳೂ ಚರ್ಮದವೇ, ಲೇಸ್ ಕಟ್ಟುವಂಥವು. ಚರ್ಮ ದಿನ ಕಳೆದಂತೆ ಕಾಲಿನ ಆಕಾರಕ್ಕೆ ಬಗ್ಗುತ್ತದೆ. ಹೊಸ ಚಪ್ಪಲಿ ಕಚ್ಚಿದರೆ ಹರಳೆಣ್ಣೆ ಸವರಿ ನಾಲ್ಕು ದಿನ ಮೆಟ್ಟಿ ಪಳಗಿಸುವುದು ನಮಗೂ ಗೊತ್ತಿರುವ ವಿದ್ಯೆಯೇ. ಆದರೆ ಹಿಮದಲ್ಲಿ ಚರ್ಮ ನೆನೆಯುತ್ತದೆ, ಸಡಿಲಾಗುತ್ತದೆ. 1955ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಹೆಂಕೆ ಕಂಪನಿ ಲೇಸ್ ತೆಗೆದು ಬಕಲ್ ತಂದಿತು. 1960ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದ ಬಾಬ್ ಲ್ಯಾಂಗ್ ಚರ್ಮವನ್ನೇ ಬಿಟ್ಟು ಪ್ಲಾಸ್ಟಿಕ್ ಬೂಟು ಮಾಡಿದರು. ರೇಸಿನವರು ಅದಕ್ಕೆ ಮುಗಿಬಿದ್ದರು, ಯಾಕಂದರೆ ಮೊಣಕಾಲು ಅಲುಗಿದರೆ ಪಟ್ಟಿ ಅಲುಗುತ್ತಿತ್ತು. ಮೊಣಕಾಲ ಕೆಳಗೆ ಮುಂಭಾಗದ ಮೂಳೆ ಮಾತ್ರ ಎಷ್ಟು ನೋಯುತ್ತಿತ್ತು ಅಂದರೆ ಆ ನೋವಿಗೆ ಬೂಟಿನ ಹೆಸರೇ ಸೇರಿಸಿ 'ಲ್ಯಾಂಗ್ ಬ್ಯಾಂಗ್' ಅಂತ ಕರೆದರು! ಪ್ಲಾಸ್ಟಿಕ್ ಹಿಡಿತ ಕೊಟ್ಟಿತು, ಚರ್ಮ ತಾನಾಗಿಯೇ ಮಾಡುತ್ತಿದ್ದ ಹೊಂದಾಣಿಕೆಯನ್ನು ಕಿತ್ತುಕೊಂಡಿತು. ಅಲ್ಲಿಂದ ಇಲ್ಲಿಯವರೆಗೆ ಬೂಟು ವಿನ್ಯಾಸ ಮಾಡುವವರ ತಲೆನೋವೆಲ್ಲ ಇದೇ ಅಂತ ನನಗನ್ನಿಸುತ್ತದೆ. ನಡುವೆ, 1980ರ ದಶಕದಲ್ಲಿ, ಹಿಂದಿನಿಂದ ಕಾಲು ತೂರಿಸುವ ಬೂಟು ಜೋರಾಗಿ ಓಡಿತು. ಹಾಕಲು ಸುಲಭ, ಆರಾಮ. ಆದರೆ ಪಾದದ ಮೇಲ್ಭಾಗವನ್ನು ಹಿಡಿಯುವುದರಲ್ಲಿ ಬಕಲ್ ಬೂಟಿನಷ್ಟು ಗಟ್ಟಿ ಇರಲಿಲ್ಲ, ಮುಂದಿನ ದಶಕದಲ್ಲಿ ಮೂಲೆ ಸೇರಿತು.

ಈಗಿನ ದಾರಿ ಬೇರೆ. ಹೊರಚಿಪ್ಪು ಗಟ್ಟಿ, ಒಳಗೆ ಬೇರೆ ಮಾಡಬಹುದಾದ ಮೆತ್ತನೆಯ ಒಳಬೂಟು. ಎಷ್ಟೋ ಒಳಬೂಟುಗಳ ಫೋಮ್ ಬಿಸಿ ಮಾಡಿದರೆ ಮೆತ್ತಗಾಗಿ, ಕಾಲು ಹಾಕಿ ನಿಂತಾಗ ಕಾಲಿನ ಆಕಾರ ಹಿಡಿದು, ಆರಿದ ಮೇಲೆ ಹಾಗೇ ಉಳಿಯುತ್ತದೆ. ಸಿಂಬೆಯನ್ನು ಅವರವರ ತಲೆಗೆ ಸುತ್ತಿಕೊಟ್ಟ ಹಾಗೆ. ಅಷ್ಟಾದರೂ ಒಂದು ಮೂಳೆ ಚುಚ್ಚುತ್ತಿದ್ದರೆ ಚಿಪ್ಪನ್ನೇ ತಿದ್ದುತ್ತಾರೆ. ಮೂಳೆ ಉಬ್ಬಿದ ಜಾಗಕ್ಕೆ ಗುರುತು ಹಾಕಿ, ಪ್ಲಾಸ್ಟಿಕ್ಕಿಗೆ ಅಲ್ಲಿ ಮಾತ್ರ ಬಿಸಿಗಾಳಿ ಕೊಟ್ಟು, ಒಳಗಿನಿಂದ ಸಣ್ಣ ಜಾಕ್ ಇಟ್ಟು ಹೊರಕ್ಕೆ ಒತ್ತಿ, ಒತ್ತಿಟ್ಟೇ ಆರಿಸುತ್ತಾರೆ. ಕೆಲವು ಮಿಲಿಮೀಟರ್ ಜಾಗ ಸಿಗುತ್ತದೆ. ಇದನ್ನು ಹೇಳಿದಾಗ ಮಾತ್ರ ಅಜ್ಜ ತಲೆ ಎತ್ತಿದರು. ಅವರು ಒದ್ದೆ ಚರ್ಮವನ್ನು ಮರದ ಅಚ್ಚಿಗೆ ಎಳೆದು ಮಾಡುವುದೂ ಇದನ್ನೇ ಅಲ್ವಾ.

ಅಚ್ಚು ಅಂದಾಗ ಅಗಲದ ಮಾತಿಗೆ ಮತ್ತೆ ಬರಬೇಕು. ಬೂಟಿನ ವಿವರದಲ್ಲಿ ಉದ್ದದ ಜೊತೆ ಇನ್ನೊಂದು ಅಂಕಿ ಇರುತ್ತದೆ, ಪಾದದ ಮುಂಭಾಗದ ಅಗಲ, ಮಿಲಿಮೀಟರಿನಲ್ಲಿ. 98 ಅಂದರೆ ಕಿರಿದು, 100 ನಡುವಿನದು, 102 ಮತ್ತು ಮೇಲಿನದು ಅಗಲ. ಸಾಮಾನ್ಯವಾಗಿ 26.5 ಸೈಜಿಗೆ ಹೇಳುವ ಅಳತೆ ಇದು, ಉದ್ದ ಹೆಚ್ಚಿದರೆ ಅಗಲವೂ ಜೊತೆಗೆ ಹೆಚ್ಚುತ್ತದೆ. ನಾನು ಉದ್ದ ಹೆಚ್ಚಿಸಿ ಅಗಲ ಗಿಟ್ಟಿಸಿದ್ದು ಹೀಗೆ, ಕೇಳಬೇಕಾಗಿದ್ದು ಅದೇ ಉದ್ದದ ಅಗಲ ಅಚ್ಚು. ಸ್ಕೀ ಬೂಟಿನ ತವರು ಇಟಲಿಯ ಮಾಂಟೆಬೆಲ್ಲೂನಾ ಪಟ್ಟಣದ ಸುತ್ತಮುತ್ತ. ಅಲ್ಲಿಯ ಅಚ್ಚು ನಮ್ಮ ಕಾಲು ನೋಡಿ ಕೆತ್ತಿದ್ದಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಯುರೋಪ್, ಅಮೆರಿಕದವರಿಗಿಂತ ನಮ್ಮ ಪಾದ ಅಗಲ ಅಂತ ತೇಲಿತು, ಅದರ ಮೇಲೆ 'ಭ' ಅನ್ನುವ ನಮ್ಮದೇ ಅಳತೆಯ ಪದ್ಧತಿ ಸೂಚಿಸಿದ್ದಾರೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಪಾದದ ಆಕಾರವೂ ಬೇರೆಯೇ. ಮಣಿಪಾಲದ ಇಬ್ಬರು ವೈದ್ಯರು 2,300 ಮಕ್ಕಳ ಹೆಜ್ಜೆಗುರುತು ನೋಡಿ 1992ರಲ್ಲಿ ಬರೆದ ಅಧ್ಯಯನ ಒಂದಿದೆ. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ 8.6 ಶೇಕಡಾ, ಬರಿಗಾಲಿನ ಮಕ್ಕಳಲ್ಲಿ 2.8. ಚಿತ್ರದುರ್ಗದ ಅಜ್ಜಿ ಮನೆಗೆ ಹೋದರೆ ನಾವು ಕೋಟೆಯ ಬಂಡೆಗಳ ಮೇಲೆ ಬರಿಗಾಲಲ್ಲಿ ಓಡುತ್ತಿದ್ದೆವು. ಬೈಸಿಕೊಂಡಿದ್ದು ಪೂರ್ತಿ ನಷ್ಟವೇನಲ್ಲ.

ಇನ್ನೊಂದು ವಿಷಯದಲ್ಲೂ ಹಳ್ಳಿ ಅಭ್ಯಾಸ ಕೈಹಿಡಿಯಬಹುದು. ಸ್ಕೀ ಬೂಟು ಮೊಣಕಾಲ ಕೆಳಗಿನ ಕಾಲನ್ನು ಹತ್ತು ಹದಿನೈದು ಡಿಗ್ರಿ ಮುಂದಕ್ಕೆ ಬಾಗಿಸಿಯೇ ಇಡುತ್ತದೆ. ಕಣಕಾಲು ಅಷ್ಟು ಬಾಗದವರಿಗೆ ಹಿಮ್ಮಡಿ ಮೇಲೇಳುತ್ತದೆ, ಆಗ ಹಿಮ್ಮಡಿ ಕೆಳಗೆ ಸಣ್ಣ ಬೆಣೆ ಇಡಬೇಕಾಗುತ್ತದೆ. ಕುಕ್ಕರಗಾಲಲ್ಲಿ ಕೂತು ರೂಢಿ ಇದ್ದವರಿಗೆ ಆ ಬಾಗು ಹೊಸದಲ್ಲ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಎರಡು ನಿಮಿಷದ್ದು, ನನಗೆ ಯಾರೂ ಹೇಳಿರಲಿಲ್ಲ. ಒಳಬೂಟು ಹೊರಗೆ ತೆಗೆದು ಖಾಲಿ ಚಿಪ್ಪಿಗೆ ಕಾಲು ಹಾಕಿ. ಬೆರಳು ಮುಂದಿನ ಗೋಡೆಗೆ ಸುಮ್ನೆ ತಾಗುವಂತೆ ನಿಂತು ಹಿಮ್ಮಡಿಯ ಹಿಂದೆ ಎಷ್ಟು ಜಾಗ ಇದೆ ನೋಡಿ. ಒಂದರಿಂದ ಎರಡು ಸೆಂಟಿಮೀಟರ್ ಒಳಗಿದ್ದರೆ ಸರಿ, ಅದಕ್ಕಿಂತ ಹೆಚ್ಚಿದ್ದರೆ ಬೂಟು ದೊಡ್ಡದು. ಆಮೇಲೆ ಒಳಬೂಟು ಹಾಕಿ, ಬಕಲ್ ಮುಚ್ಚಿ, ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗುತ್ತದೆ. ಅಯ್ಯೋ ಚಿಕ್ಕದು ಅಂತ ಬಿಚ್ಚಿಡಬೇಡಿ. ಮೊಣಕಾಲು ಮುಂದಕ್ಕೆ ಬಗ್ಗಿಸಿದರೆ ಹಿಮ್ಮಡಿ ಹಿಂದಕ್ಕೆ ಸರಿದು ಕೂರುತ್ತದೆ, ಬೆರಳು ಗೋಡೆ ಬಿಡುತ್ತದೆ. ಸ್ಕೀ ಮಾಡುವಾಗ ನಿಲ್ಲುವುದೇ ಹಾಗೆ.

ಫ್ಲೆಕ್ಸ್ ಅಂತ 60ರಿಂದ 130ರವರೆಗೆ ಬರೆದಿರುತ್ತಾರೆ, ಬೂಟು ಎಷ್ಟು ಬಿರುಸು ಅಂತ. ಆ ಅಂಕಿಯನ್ನು ಜಾಸ್ತಿ ನಂಬಬೇಡಿ, ಎಲ್ಲ ಕಂಪನಿಗಳಿಗೂ ಒಂದೇ ಅಳತೆಗೋಲು ಇಲ್ಲ. ಮೇಲಾಗಿ ಪ್ಲಾಸ್ಟಿಕ್ ಚಳಿಗೆ ಬಿರುಸಾಗುತ್ತದೆ, ಬೆಣ್ಣೆ ಫ್ರಿಜ್ಜಿನಲ್ಲಿ ಇಟ್ಟ ಹಾಗೆ. ಹೀಟರ್ ಹಾಕಿದ ಅಂಗಡಿಯಲ್ಲಿ ಸಲೀಸಾಗಿ ಬಗ್ಗಿದ್ದು ಹೊರಗೆ ಹೋದರೆ ಬಗ್ಗಲ್ಲ.

ಮುಂದಿನ ಜನವರಿಗೆ ಮತ್ತೆ ಹೋಗುತ್ತಿದ್ದೇವೆ. ಪಾದ ಬರೆದ ಹಾಳೆ ಮಡಚಿ ಪರ್ಸಿನಲ್ಲಿ ಇಟ್ಟಿದ್ದೇನೆ, ಉದ್ದ 26, ಅಗಲ 10.3. ಶೂ ನಂಬರ್ ಕೇಳಿದರೆ ಅದನ್ನೇ ಕೊಡುತ್ತೇನೆ. ಅಮ್ಮ ಆಗಲೇ ಎರಡು ಜೊತೆ ಹೊಸ ಉಣ್ಣೆ ಕಾಲುಚೀಲ ತಂದಿಟ್ಟಿದ್ದಾಳೆ. ಅವನ್ನು ರೂಮಿನಲ್ಲಿ ಮಲಗುವಾಗ ಮಾತ್ರ ಹಾಕುತ್ತೇನೆ ಅಂತ ಇನ್ನೂ ಹೇಳಿಲ್ಲ.