ಸರ್ವರ್ ರೂಮಿಗೆ 18 ಡಿಗ್ರಿ ಯಾಕೆ ಬೇಕು?

ಸರ್ವರ್ ರೂಮು ತಣ್ಣಗಿದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಎನರ್ಜಿ ಆಡಿಟ್‌ಗೆ ಹೋದ ಕಡೆಯಲ್ಲೆಲ್ಲ ಎಸಿ 18ಕ್ಕೋ 16ಕ್ಕೋ ನಿಂತಿರುತ್ತದೆ. ಬೆಂಗಳೂರಿನ ಏಪ್ರಿಲ್ ಬಿಸಿಲಲ್ಲೂ ಒಳಗಿನ ಹುಡುಗರು ಸ್ವೆಟರ್ ಹಾಕಿಕೊಂಡು ಕೂತಿರುತ್ತಾರೆ. ಯಾಕಪ್ಪಾ ಇಷ್ಟು ಚಳಿ ಅಂತ ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ: "ಸರ್ವರ್ ಸೇಫಾಗಿರಲಿ ಅಂತ ಸರ್."

ಸರ್ವರ್‌ಗೆ ರೂಮಿನ ತಾಪಮಾನದ ಜೊತೆ ಏನೂ ಸಂಬಂಧ ಇಲ್ಲ. ಅದು ಮುಂಭಾಗದಿಂದ ಗಾಳಿ ಎಳೆದುಕೊಳ್ಳುತ್ತದೆ, ಹಿಂದಿನಿಂದ ಬಿಸಿಗಾಳಿ ಬಿಡುತ್ತದೆ. ಒಳಗೆ ಹೋಗುವ ಆ ಗಾಳಿ ಎಷ್ಟು ಡಿಗ್ರಿ ಇದೆ, ಅಷ್ಟೇ ಮುಖ್ಯ. ಈ ವಿಷಯದಲ್ಲಿ ಜಗತ್ತೆಲ್ಲ ಒಪ್ಪುವ ಆಶ್ರೇ (ಅಮೆರಿಕದ ಹವಾನಿಯಂತ್ರಣ ಎಂಜಿನಿಯರ್‌ಗಳ ಸಂಸ್ಥೆ) 2008ರಿಂದಲೂ 18ರಿಂದ 27 ಡಿಗ್ರಿ ಅನ್ನುತ್ತಿದೆ. 27! ಅದೂ ಸರ್ವರಿನ ಮೂತಿಯ ಹತ್ತಿರ ಅಳೆದಾಗ. ಸರ್ವರ್‌ಗಳನ್ನು ಜೋಡಿಸಿಟ್ಟ ಕಪಾಟಿನ, ಅಂದರೆ ರ‍್ಯಾಕಿನ ಹಿಂದೆ 38 ಇದ್ದರೆ ಇರಲಿ ಬಿಡಿ, ಬಿಸಿ ಹೋಗಬೇಕಾದ ಜಾಗವೇ ಅದು. ಆದರೆ ಸಾಹೇಬರು ರೌಂಡ್ಸ್‌ಗೆ ಬಂದು ರ‍್ಯಾಕಿನ ಹಿಂದೆ ಕೈ ಇಟ್ಟು ನೋಡುತ್ತಾರೆ, ಗಾಬರಿಯಾಗುತ್ತಾರೆ, ಎಸಿ ಇನ್ನೆರಡು ಡಿಗ್ರಿ ಕೆಳಗೆ ಇಳಿಯುತ್ತದೆ. ಹೀಗಾಗುವುದನ್ನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ.

ಒಂದು ಇಲಾಖೆಯಲ್ಲಿ ಎಸಿ 17ರಲ್ಲಿದ್ದರೂ ಒಂದು ರ‍್ಯಾಕಿನ ಮೇಲ್ಗಡೆಯ ಸರ್ವರ್ ಮಾತ್ರ ಪದೇ ಪದೇ ಬಿಸಿ ಅಲಾರಂ ಕೊಡುತ್ತಿತ್ತು. ಇನ್ನೊಂದು ಎಸಿಗೆ ಫೈಲ್ ಆಗಲೇ ಮೇಲಕ್ಕೆ ಹೋಗಿತ್ತು, ಲಕ್ಷಗಳ ಲೆಕ್ಕ. ಮುಂದೆ ನಿಂತು ನೋಡಿದರೆ ಆ ಸರ್ವರಿನ ಕೆಳಗೆ ಮೂರು ನಾಲ್ಕು ಖಾನೆ ಖಾಲಿ, ಬಾಯಿ ತೆರೆದುಕೊಂಡೇ ಇದ್ದವು. ಹಿಂದಿನ ಬಿಸಿಗಾಳಿ ಆ ಸಂದಿಯಿಂದ ನುಸುಳಿ ಮತ್ತೆ ಮುಂದಕ್ಕೇ ಬರುತ್ತಿತ್ತು. ಪಾಪ ಆ ಸರ್ವರ್ ತಾನು ಬಿಟ್ಟ ಬಿಸಿಯನ್ನೇ ಮತ್ತೆ ಕುಡಿಯುತ್ತಿತ್ತು. ಇನ್ನು ನೆಲದಿಂದ ತಂಪು ಗಾಳಿ ಬರುವ ತೂತಿನ ಟೈಲು ಇದ್ದದ್ದು ರ‍್ಯಾಕಿನ ಹಿಂದೆ! ಅಲ್ಲೇ ಪ್ರಿಂಟರ್ ಡಬ್ಬದ ರಟ್ಟು ಸಿಕ್ಕಿತು. ಕತ್ತರಿಸಿ, ಟೇಪ್ ಹಾಕಿ ಸಂದಿ ಮುಚ್ಚಿದೆವು. ಟೈಲನ್ನು ಎತ್ತಿ ಮುಂದಕ್ಕೆ ಹಾಕಿದೆವು. ಟೀ ಕುಡಿದು ಬರುವಷ್ಟರಲ್ಲಿ ಅಲಾರಂ ನಿಂತಿತ್ತು. ಆಮೇಲೆ ರಟ್ಟಿನ ಜಾಗಕ್ಕೆ ಸರಿಯಾದ ಬ್ಲ್ಯಾಂಕಿಂಗ್ ಪ್ಯಾನಲ್ ಬಂತು. ಒಂದಕ್ಕೆ ಕೆಲವು ನೂರು ರೂಪಾಯಿ ಅಷ್ಟೇ.

ಬಿಸಿ ಮತ್ತು ತಂಪು ಗಾಳಿ ಬೆರೆಯದ ಹಾಗೆ ಮೊದಲು ನೋಡಿಕೊಳ್ಳಿ, ಎಸಿ ಡಿಗ್ರಿಯ ಮಾತು ಆಮೇಲೆ. ಬೆರಕೆ ನಿಲ್ಲಿಸದೆ ಡಿಗ್ರಿ ಮಾತ್ರ ಏರಿಸಿದರೆ ಎಲ್ಲೋ ಒಂದು ಸರ್ವರ್ ನಿಜವಾಗಿಯೂ ಬೇಯುತ್ತದೆ, ಆಮೇಲೆ ಬೈಗುಳ ಆಡಿಟರ್‌ಗೆ. ಬೆರಕೆ ನಿಂತರೆ ಎಸಿಯ ಫ್ಯಾನನ್ನೂ ನಿಧಾನ ಮಾಡಬಹುದು. ವೇಗ ಬದಲಿಸಬಹುದಾದ ಫ್ಯಾನನ್ನು 80 ಪರ್ಸೆಂಟ್ ವೇಗಕ್ಕೆ ಇಳಿಸಿದರೆ ಅದು ಎಳೆಯುವ ಕರೆಂಟು ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತದೆ. ಇದು ಮಾತ್ರ ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ, ಮೀಟರ್ ಹಾಕಿ ತೋರಿಸಬೇಕು. ಇನ್ನೊಂದು ಕಡೆ ಎರಡು ಎಸಿಗಳು ಎದುರುಬದುರು ಇದ್ದವು, ಒಂದು ಗಾಳಿಯ ತೇವ ತೆಗೆಯುತ್ತಿತ್ತು, ಇನ್ನೊಂದು ನೀರು ಕಾಯಿಸಿ ಅದೇ ಗಾಳಿಗೆ ತೇವ ಸೇರಿಸುತ್ತಿತ್ತು. ಎರಡಕ್ಕೂ ಬಿಲ್ ಕಟ್ಟುತ್ತಿದ್ದದ್ದು ನಾವೇ, ತೆರಿಗೆ ಕಟ್ಟುವವರು.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಹೊರಗುತ್ತಿಗೆಯ ಕೆಲಸ, ರಾತ್ರಿ ಪಾಳಿ, ಸರ್ವರ್ ಕೂತರೆ ಬೆಳಗ್ಗೆ ಜನ ಸರದಿಯಲ್ಲಿ ನಿಂತು ಬೈಯುತ್ತಾರೆ. ಕರೆಂಟು ಉಳಿಸಿದೆ ಅಂತ ಅವರಿಗೆ ಯಾರೂ ಶಹಬ್ಬಾಸ್ ಹೇಳುವುದಿಲ್ಲ. ಎಷ್ಟೋ ಕಡೆ ಬಿಲ್ ಕಟ್ಟುವ ಶಾಖೆಯೇ ಬೇರೆ, ಐಟಿಯವರು ಅದನ್ನು ಕಣ್ಣಲ್ಲೂ ನೋಡಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಟೆಂಡರಿನಲ್ಲಿದೆ. "ರೂಮಿನ ತಾಪಮಾನ 20, ಎರಡು ಡಿಗ್ರಿ ಹೆಚ್ಚು ಕಡಿಮೆ" ಅನ್ನುವಂಥ ಸಾಲು ಹಳೆಯ ಟೆಂಡರಿನಿಂದ ಹೊಸದಕ್ಕೆ ಹಾಗೇ ನಕಲಾಗುತ್ತಾ ಬರುತ್ತದೆ. 22 ದಾಟಿದರೆ ಗುತ್ತಿಗೆದಾರರಿಗೆ ದಂಡ. ಹೀಗಿರುವಾಗ ಅವರು ಯಾಕೆ ಏರಿಸುತ್ತಾರೆ, ಅಲ್ವಾ? ಹೊಸ ಮನೆ ಎಸಿಗಳು ಆನ್ ಮಾಡಿದಾಗ 24ರಲ್ಲೇ ಶುರುವಾಗಬೇಕು ಅಂತ 2020ರಿಂದ ಕೇಂದ್ರದ ನಿಯಮವೇ ಇದೆ. ಮನುಷ್ಯರಿಗೆ ಸಾಕಾಗುವ ತಂಪು ಯಂತ್ರಕ್ಕೂ ಸಾಕು.

ಅಮೆರಿಕ ಸರ್ಕಾರ 2016ರಲ್ಲಿ ತನ್ನ ಇಲಾಖೆಗಳ ಡೇಟಾ ಸೆಂಟರ್‌ಗಳಿಗೆ ಪಿಯುಇ (ಒಟ್ಟು ಕರೆಂಟನ್ನು ಸರ್ವರ್‌ಗಳು ತಿನ್ನುವ ಕರೆಂಟಿನಿಂದ ಭಾಗಿಸಿದ ಲೆಕ್ಕ) 1.5ಕ್ಕೆ ಇಳಿಸಿ ಅಂತ ಗಡುವು ಕೊಟ್ಟಿತು. ಅಂದರೆ ಸರ್ವರ್‌ಗಳು 100 ಯೂನಿಟ್ ತಿಂದರೆ ಎಸಿ, ಯುಪಿಎಸ್, ಲೈಟು ಎಲ್ಲ ಸೇರಿ ಇನ್ನು 50 ಮಾತ್ರ. ಆ ಆದೇಶದಲ್ಲಿ ನನಗೆ ಇಷ್ಟವಾದದ್ದು ಸಂಖ್ಯೆಗಿಂತ ಜಾಸ್ತಿ, ಮೀಟರ್ ಹಾಕಿಸಿ ಅನ್ನುವ ಮಾತು. ನಮ್ಮಲ್ಲಿ ಸರ್ವರ್ ರೂಮಿಗೂ ಪಕ್ಕದ ಆಫೀಸಿಗೂ ಒಂದೇ ಮೀಟರ್ ಇದ್ದರೆ ಉಳಿತಾಯ ಆಯಿತೋ ಇಲ್ಲವೋ ಯಾರು ಹೇಳಬೇಕು?

ಈಗ ಎಚ್ಚರಿಕೆಯ ಮಾತು. ಇದನ್ನು ಓದಿ ನಾಳೆಯೇ 27ಕ್ಕೆ ಏರಿಸಬೇಡಿ. ವಾರಕ್ಕೆ ಒಂದು ಡಿಗ್ರಿ ಸಾಕು, ಪ್ರತಿ ರ‍್ಯಾಕಿನ ಮುಂದೆ ಮೇಲೆ, ನಡುವೆ, ಕೆಳಗೆ ಅಳೆದು ಬರೆದಿಡಿ. ಒಂದು ಹಂತ ದಾಟಿದ ಮೇಲೆ ಸರ್ವರ್ ಒಳಗಿನ ಫ್ಯಾನುಗಳೇ ಜೋರಾಗಿ ತಿರುಗಿ ಉಳಿಸಿದ್ದನ್ನು ತಿಂದುಬಿಡುತ್ತವೆ. ಆದ್ದರಿಂದ ಎಸಿ ಬಿಲ್ ಮಾತ್ರ ನೋಡದೆ ಒಟ್ಟು ಮೊತ್ತ ನೋಡಿ. ಬಹಳಷ್ಟು ಕಡೆ 24, 25ಕ್ಕೆ ನಿಲ್ಲಿಸುವುದು ಜಾಣತನ. ಯುಪಿಎಸ್ ಬ್ಯಾಟರಿ ಅದೇ ರೂಮಿನಲ್ಲಿದ್ದರೆ ಮೊದಲು ಬೇರೆ ಮಾಡಿ. ಸೀಸದ ಬ್ಯಾಟರಿಗೆ 25ಕ್ಕಿಂತ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ತುಂಬಾ ಹಳೆಯ ಯಂತ್ರ ಇದ್ದರೆ ತಯಾರಕರ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು. ಯಾರೂ ಬಳಸದ ಸರ್ವರ್‌ಗಳನ್ನು ಆಫ್ ಮಾಡಿ, ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಟೆಂಡರ್ ಬರೆಯುವವರು ದಯವಿಟ್ಟು "ರೂಮಿನ ತಾಪಮಾನ" ಅನ್ನುವುದನ್ನು ಹೊಡೆದುಹಾಕಿ, "ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ" ಅಂತ ಬರೆಯಿರಿ, ಎಲ್ಲಿ ಅಳೆಯಬೇಕು ಅನ್ನುವುದನ್ನೂ ಸೇರಿಸಿ. ಇದಕ್ಕೆ ಹೊಸ ಬಜೆಟ್ ಬೇಡ, ಹಣಕಾಸು ಇಲಾಖೆಯ ಒಪ್ಪಿಗೆಯೂ ಬೇಡ.